ಕರೆಂಟ್ ಹೋದರೆ ಟವರ್ ಕೂಡ ಹೋಗಬೇಕೆ?

ಮಾನ್ಯ ಸಂಪಾದಕರೇ,

ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ ಮಳೆ ಹಿಡಿಯಿತೆಂದರೆ ಕರೆಂಟ್ ಹೋಗುವುದು ಮಾಮೂಲು. ಸಿಲ್ವರ್ ಮರವೋ ಕೊಂಬೆಯೋ ಲೈನ್ ಮೇಲೆ ಬೀಳುತ್ತದೆ. ಆ ಗಾಳಿ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನು ದೂರುವ ಮನಸ್ಸು ನನಗಿಲ್ಲ. ನನ್ನ ದೂರು ಮೊಬೈಲ್ ಟವರ್ ಬಗ್ಗೆ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೇ ಅದೂ ಆಫ್ ಆಗುತ್ತದೆ. ಬ್ಯಾಟರಿ ಹಳೇದು. ಜನರೇಟರ್ ಇದ್ದರೂ ಡೀಸೆಲ್ ಹಾಕುವವರಿಲ್ಲ.

ಸಿಗ್ನಲ್ ಇಲ್ಲ ಅಂದರೆ ನಮಗೆ ಮೊದಲು ನೆನಪಾಗುವುದು ಆನೆ. ಕಾಡಾನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯವರು ಮೊಬೈಲಿಗೆ ಮೆಸೇಜ್ ಕಳಿಸುತ್ತಾರೆ. ಆನೆ ಕಾರ್ಯಪಡೆಯ (ಇಟಿಎಫ್) ಹುಡುಗರು ಜೀವ ಕೈಯಲ್ಲಿ ಹಿಡಿದು ಆನೆ ಹಿಂದೆ ಸುತ್ತಿ ತರುವ ಸುದ್ದಿ ಅದು. ತೋಟಕ್ಕೆ ಆಳು ಕಳಿಸುವ ಮುಂಚೆ ನಾವೆಲ್ಲ ನೋಡುವುದು ಅದನ್ನೇ. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಫೋನ್ ಸುಮ್ಮನಿತ್ತು. ಹೆಂಗಸರು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಕತ್ತಿ ಹಿಡಿದು ಕೆಳಗಿನ ತೋಟಕ್ಕೆ ಹೊರಟಿದ್ದರು. ಅಷ್ಟರಲ್ಲಿ ಪಕ್ಕದ ತೋಟದ ಲೆಕ್ಕ ನೋಡುವ ರೈಟರು ಬೈಕಿನಲ್ಲಿ ಬಂದು, ‘ಯಾರೂ ಇಳೀಬೇಡಿ, ಹಳ್ಳದ ಹತ್ರ ಮರಿ ಆನೆ ಜೊತೆ ತಾಯಿ ನಿಂತಿದೆ’ ಎಂದು ಕೂಗಿದರು. ಮಧ್ಯಾಹ್ನ ಕರೆಂಟ್ ಬಂದ ಮೇಲೆ ಫೋನ್ ಒಂದೇ ಸಮ ಬಡಿದುಕೊಂಡಿತು. ಬೆಳಿಗ್ಗೆಯೇ ಕಳಿಸಿದ್ದ ಎಚ್ಚರಿಕೆ ಆಗ ಬಂತು. ರೈಟರು ಬರದಿದ್ದರೆ ಏನು ಗತಿ? ಆ ಹೆಂಗಸರ ಮನೆಯವರಿಗೆ ನಾನು ಯಾವ ಮುಖ ತೋರಿಸಬೇಕಿತ್ತು?

ರೇಷನ್ ಅಂಗಡಿಯಲ್ಲಿ ಬೆರಳು ಒತ್ತಿ ಸರ್ವರ್‌ಗೆ ಕಾಯುವುದು, ಒಟಿಪಿ ಬರುವಷ್ಟರಲ್ಲಿ ಟೈಮ್ ಮುಗಿಯುವುದು ಇದ್ದೇ ಇದೆ.

ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ 2024ರಲ್ಲಿ ಸೇವೆಯ ಗುಣಮಟ್ಟಕ್ಕೆ ಹೊಸ ನಿಯಮ ತಂದಿದೆ. 24 ಗಂಟೆಗಿಂತ ಜಾಸ್ತಿ ನೆಟ್‌ವರ್ಕ್ ಹೋದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಿಲ್‌ನಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ಸಿಗಬೇಕು. ಆದರೆ ಇದನ್ನು ನೋಡುವುದು ಜಿಲ್ಲೆಯ ಮಟ್ಟದಲ್ಲಿ. ಹಾಸನದಲ್ಲಿ ಫೋನ್ ಓಡುತ್ತಿರುವಾಗ ನಮ್ಮ ಮೂಲೆಯ ಒಂದು ಟವರ್ ಎರಡು ದಿನ ಮಲಗಿದರೂ ಲೆಕ್ಕಕ್ಕೆ ಬರುವುದಿಲ್ಲ. ಇದು ಅನ್ಯಾಯ. ಟವರ್ ಲೆಕ್ಕದಲ್ಲಿ ಪರಿಹಾರ ಕೊಡಬೇಕಾಗಿ ಬಂದರೆ ಕಂಪನಿಯವರು ತಾವಾಗಿಯೇ ಡೀಸೆಲ್ ಕಳಿಸುತ್ತಾರೆ.

ಇನ್ನೊಂದು ದಾರಿಯೂ ಇದೆ. ಹಳ್ಳಿಗಾಡಿಗೆ ಫೋನ್ ಸೇವೆ ತಲುಪಿಸಲು ಕೇಂದ್ರ ಸರ್ಕಾರ ಇಟ್ಟಿರುವ ಡಿಜಿಟಲ್ ಭಾರತ್ ನಿಧಿಯ ಹಣದಿಂದ ಕಟ್ಟಿದ ಟವರ್‌ಗಳಿಂದ ಬೇರೆ ಕಂಪನಿಯ ಸಿಮ್‌ಗೂ 4ಜಿ ಸಿಗುವ ವ್ಯವಸ್ಥೆ 2025ರ ಜನವರಿಯಲ್ಲಿ ಶುರುವಾಗಿದೆ. ಮಳೆಗಾಲದ ಮಟ್ಟಿಗಾದರೂ ಇದನ್ನು ಮಲೆನಾಡಿನ ಎಲ್ಲ ಟವರ್‌ಗಳಿಗೂ ತರಬೇಕು. ಒಂದು ಕಂಪನಿಯ ಟವರ್ ನಿಂತರೆ, ಓಡುತ್ತಿರುವ ಇನ್ನೊಂದಕ್ಕೆ ಫೋನ್ ಸೇರಿಕೊಳ್ಳಲಿ. ತುರ್ತು ನಂಬರ್ 112ಕ್ಕೆ ಮಾಡುವ ಕರೆ ಈಗಲೂ ಹಾಗೇ ಹೋಗುತ್ತದೆ ಅಲ್ವಾ? ಆನೆ ಮೆಸೇಜೂ ಅಷ್ಟೇ ತುರ್ತಿನದು.

ಜಿಲ್ಲಾಧಿಕಾರಿಗಳು ಜೂನ್‌ಗೆ ಮುಂಚೆ ಕಂಪನಿಗಳವರನ್ನು, ಅರಣ್ಯ ಮತ್ತು ವಿದ್ಯುತ್ ಇಲಾಖೆಯವರನ್ನು ಒಟ್ಟಿಗೆ ಕೂರಿಸಲಿ. ಆನೆ ಓಡಾಡುವ ಊರುಗಳ ಟವರ್‌ಗಳಲ್ಲಿ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ಡೀಸೆಲ್ ತರುವ ಜವಾಬ್ದಾರಿ ಯಾರದು ಎಂದು ಬರೆಸಿಕೊಂಡು, ಆ ಪಟ್ಟಿಯನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಲಿ.

– ಒಬ್ಬ ಕಾಫಿ ಬೆಳೆಗಾರ, ಯಸಳೂರು ಹೋಬಳಿ, ಸಕಲೇಶಪುರ ತಾಲ್ಲೂಕು