ಭಾನುವಾರದ ರಿಪೇರಿ: ಕಂಟ್ರೋಲರ್ ವೈರ್ ನೋಡಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಮನೆಯಲ್ಲೇ ಸೇರೋಣ. ನಿಂಟೆಂಡೊ ಎನ್‌ಇಎಸ್ ಕನ್ಸೋಲ್ (ಟಿವಿಗೆ ಹಾಕಿ ಆಡುವ ಹಳೆಯ ವಿಡಿಯೋ ಗೇಮ್ ಯಂತ್ರ) ಬಿಚ್ಚಿ ಮಾಡಿಫೈ ಮಾಡಿಕೊಂಡವರು, ಆಮೇಲೆ ಕಂಟ್ರೋಲರ್ (ಕೈಯಲ್ಲಿ ಹಿಡಿದು ಆಡುವ ಬಟನ್ ಡಬ್ಬಿ) ಕೈಕೊಟ್ಟವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಒಂದು ಬಟನ್ ಮಾತ್ರ ಕೆಲಸ ಮಾಡುತ್ತಿಲ್ಲ, ಉಳಿದವು ಸರಿ ಇವೆ ಅಂದರೆ ವೈರ್ ಮುಟ್ಟಬೇಡಿ. ಒಳಗಿನ ರಬ್ಬರ್ ಪ್ಯಾಡ್ ಒರೆಸಿ ನೋಡಿ, ಸಾಕು. ಎಲ್ಲ ಬಟನ್ ಸತ್ತಿದ್ದರೆ ಅಥವಾ ಒಂದು ಒತ್ತಿದರೆ ಎಲ್ಲ ಒತ್ತಿದ ಹಾಗಾದರೆ ಮಾತ್ರ ವೈರ್ ಮೇಲೆ ಅನುಮಾನ ಪಡಿ.

ಪೋರ್ಟಿನಲ್ಲಿ 7 ಪಿನ್ ಇದ್ದರೂ ಕಂಟ್ರೋಲರಿಗೆ ಬೇಕಾಗುವುದು 5 ವೈರ್: 5 ವೋಲ್ಟ್, ಗ್ರೌಂಡ್, ಲ್ಯಾಚ್ (ಬಟನ್‌ಗಳ ಸ್ಥಿತಿ ಹಿಡಿದಿಡು ಅನ್ನುವ ಸಂಕೇತ), ಕ್ಲಾಕ್ (ಮುಂದಿನ ಬಟನ್ ಕಳಿಸು ಅನ್ನುವ ಸಂಕೇತ), ಡೇಟಾ. ಒಳಗಿರುವ 4021 ಚಿಪ್ 8 ಬಟನ್‌ಗಳ ಸ್ಥಿತಿಯನ್ನು ಒಂದೊಂದಾಗಿ ಡೇಟಾ ವೈರ್‌ನಲ್ಲಿ ಕಳಿಸುತ್ತದೆ. ಮೊದಲು ಹೋಗುವುದು ಎ ಬಟನ್; ಕ್ಲಾಕ್ ಬರದಿದ್ದರೆ ಅದೇ ಮತ್ತೆ ಮತ್ತೆ ಹೋಗುತ್ತದೆ. ಹಾಗಾಗಿ ಎ ಒತ್ತಿದರೆ ಎಲ್ಲ ಬಟನ್ ಒಟ್ಟಿಗೆ ಒತ್ತಿದ ಹಾಗಾಗಿ, ಉಳಿದವು ಸುಮ್ನೆ ಇದ್ದರೆ, ಮೊದಲು ಕ್ಲಾಕ್ ವೈರ್ ನೋಡಿ.

ವೈರಿನ ಬಣ್ಣ ನಂಬಬೇಡಿ. ನಾನು ನಂಬಿ ಕೆಟ್ಟೆ. ಹೊಸದಾಗಿ ಕೊಂಡ ಕೇಬಲ್‌ನಲ್ಲಿ ಬಣ್ಣಗಳೇ ಬೇರೆ ಇದ್ದವು. 5 ವೋಲ್ಟ್, ಗ್ರೌಂಡ್ ಅದಲುಬದಲಾಗಿ ಚಿಪ್ ಬೆರಳಿಗೆ ಚುರ್ ಅಂದಿತು. ಕನ್ಸೋಲ್ ಆಫ್ ಮಾಡಿ, ಕಂಟ್ರೋಲರ್ ಕಳಚಿ, ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಒಂದೊಂದೇ ಪಿನ್ ಯಾವ ವೈರಿಗೆ ಹೋಗುತ್ತದೆ ನೋಡಿ; ವೈರ್ ತುಂಡಾಗಿರದಿದ್ದರೆ ಬೀಪ್ ಅನ್ನುತ್ತದೆ. ಕೇಬಲ್ ಕಂಟ್ರೋಲರ್ ಒಳಗೆ ಹೋಗುವ ಜಾಗದಲ್ಲಿ ಮೆಲ್ಲಗೆ ಅಲ್ಲಾಡಿಸಿ. ಒಳಗೇ ತುಂಡಾಗುವುದು ಜಾಸ್ತಿ ಅಲ್ಲೇ ಅಲ್ವಾ.

ಸೋಲ್ಡರಿಂಗ್ ಐರನ್ ಎರಡಿವೆ, ಮಲ್ಟಿಮೀಟರ್ ಒಂದೇ. ಇದ್ದವರು ತನ್ನಿ. ಬರುವವರು ಯಾವ ಬಟನ್ ಒತ್ತಿದರೆ ಏನಾಗುತ್ತದೆ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಬೇಕಾದ ಚಿಪ್, ಕೇಬಲ್ ಶನಿವಾರ ತಂದಿಡುತ್ತೇನೆ.