ಕುಂಬಾದ ದಿಮ್ಮಿಯನ್ನು ಕಾಡಿನಲ್ಲೇ ಬಿಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗುವ ಓದುಗರ ಚಿತ್ರಗಳಲ್ಲಿ ಅಣಬೆಗಳದ್ದೇ ಮೇಲುಗೈ. ಅವುಗಳ ನಡುವೆ ಆಗೊಮ್ಮೆ ಈಗೊಮ್ಮೆ ಅಣಬೆಯೇ ಅಲ್ಲದ ಜೀವಿಯೊಂದು ‘ಬಣ್ಣದ ಅಣಬೆ’ ಎಂಬ ಅಡಿಬರಹದೊಂದಿಗೆ ಅಚ್ಚಾಗುತ್ತಿದೆ. ಅದು ಲೋಳೆಬೂಷ್ಟು, ಅಂದರೆ ಸ್ಲೈಮ್ ಮೋಲ್ಡ್; ವಿಜ್ಞಾನಿಗಳು ಅದನ್ನು ಶಿಲೀಂಧ್ರಗಳಿಂದ ಬೇರ್ಪಡಿಸಿ ಅಮೀಬಾಗಳ ಗುಂಪಿಗೆ ಸೇರಿಸಿದ್ದಾರೆ. ಅಡಿಬರಹದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಇಷ್ಟು ಚಿಕ್ಕ ಜೀವಿಯ ಕಡೆಗೆ ನಮ್ಮ ಹುಡುಗರು ಕ್ಯಾಮೆರಾ ತಿರುಗಿಸಿದ್ದಾರೆ ಎಂಬುದೇ ಸಂತೋಷದ ಸಂಗತಿ. ನನ್ನ ಕಳವಳವಿರುವುದು ಆ ಜೀವಿ ಬದುಕುವ ಕುಂಬಾದ, ಅಂದರೆ ಕೊಳೆತು ಮೆತ್ತಗಾದ, ಮರದ ಬಗ್ಗೆ.

ಲೋಳೆಬೂಷ್ಟು ತನ್ನ ಬಾಳಿನ ಬಹುಭಾಗವನ್ನು ನೆನೆದ ದಿಮ್ಮಿಯ ಒಳಗೆ, ಸಡಿಲಾದ ತೊಗಟೆಯ ಅಡಿಯಲ್ಲಿ ಅಥವಾ ದರಗಿನ ಪದರಗಳ ನಡುವೆ ಕಳೆಯುತ್ತದೆ. ಆಗ ಅದು ಗೋಡೆಯಿಲ್ಲದ, ಅಸಂಖ್ಯ ನ್ಯೂಕ್ಲಿಯಸ್‌ಗಳಿರುವ ಒಂದೇ ಕೋಶ. ಬ್ಯಾಕ್ಟೀರಿಯಾ, ಯೀಸ್ಟ್, ಶಿಲೀಂಧ್ರಗಳ ಬೀಜಕಣ ಎಲ್ಲವನ್ನೂ ನುಂಗುತ್ತಾ, ಗಂಟೆಗೆ ಸುಮಾರು 1 ಸೆಂಟಿಮೀಟರ್ ದೂರ ಹರಿಯಬಲ್ಲದು. ತಿನ್ನುವುದು ಮುಗಿದ ಮೇಲೆ ಬೆಳಕಿಗೆ ಬಂದು, ಬೀಜಕಣಗಳ ಗೂಡುಗಳನ್ನು ಕಟ್ಟುತ್ತದೆ. ನಾವು ಚಿತ್ರ ತೆಗೆಯುವುದು ಬಹುತೇಕ ಈ ಗೂಡುಗಳನ್ನೇ. ಸ್ಟೆಮೊನೈಟಿಸ್ ಎಂಬ ಕುಲದ ಲೋಳೆಬೂಷ್ಟು ಮೊದಲು ಹಾಲುಬಿಳುಪಾಗಿ ಉಕ್ಕಿ, ಒಂದು ದಿನದೊಳಗೆ ಸಣ್ಣ ಕಪ್ಪು ಕಡ್ಡಿಗಳ ಮೇಲೆ ನಿಂತ ಕಂದು ಕುಂಚಗಳ ಗುಂಪಾಗುತ್ತದೆ. ಲೈಕೊಗಾಲಾ ಎಂಬ ಇನ್ನೊಂದು ಕುಲದ ಗುಲಾಬಿ ಗುಂಡುಗಳನ್ನು ಒತ್ತಿದರೆ ಮೊದಲ ದಿನಗಳಲ್ಲಿ ಬಣ್ಣದ ಲೋಳೆ ಹೊರಬರುತ್ತದೆ. ಬಲಿತ ಮೇಲೆ ಉಳಿಯುವುದು ಪುಡಿ ಮಾತ್ರ. ಗೊಬ್ಬರದ ಗುಂಡಿಯ ಅಂಚಿನಲ್ಲಿ, ಮರದ ಹೊಟ್ಟಿನ ರಾಶಿಯಲ್ಲಿ ಹಳದಿಯಾಗಿ ಹಬ್ಬುವ ಫುಲಿಗೊ ಸೆಪ್ಟಿಕಾವನ್ನು ಅನೇಕರು ನೋಡಿರುತ್ತಾರೆ, ಏನೋ ಹೊಲಸೆಂದು ದಾಟಿಯೂ ಹೋಗಿರುತ್ತಾರೆ.

ಇದರ ಚಿತ್ರ ತೆಗೆಯುವುದು ಸುಲಭವಲ್ಲ. ಹೆಚ್ಚಿನವುಗಳ ಎತ್ತರ ಒಂದೆರಡು ಮಿಲಿಮೀಟರ್ ಅಷ್ಟೆ. ಅಷ್ಟು ಹತ್ತಿರದಿಂದ ತೆಗೆದಾಗ ತಲೆ ಸ್ಪಷ್ಟವಾದರೆ ಕಾಲು ಮಸುಕು. ಆದ್ದರಿಂದ ಫೋಕಸ್ಸನ್ನು ಕೂದಲೆಳೆಯಷ್ಟು ಸರಿಸುತ್ತಾ ಹತ್ತಾರು ಚಿತ್ರ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದಾಗಿಸಬೇಕು. ಫ್ಲಾಶಿನ ಮುಂದೆ ಬಟರ್ ಪೇಪರ್ ಹಿಡಿಯದಿದ್ದರೆ ಹೊಳಪೆಲ್ಲ ಬಿಳಿ ಚುಕ್ಕೆಯಾಗುತ್ತದೆ. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಮ್ಯಾಕ್ರೊ ಲೆನ್ಸಿನಿಂದಲೂ ಒಳ್ಳೆಯ ಚಿತ್ರ ಬರುತ್ತದೆ, ಆದರೆ ಇಂಬಳ ಹತ್ತುವ ನೆಲದಲ್ಲಿ ಮೊಣಕೈ ಊರಿ ಮಲಗುವ ತಾಳ್ಮೆ ಬೇಕು. ಈ ಕಷ್ಟವನ್ನು ತಪ್ಪಿಸಿಕೊಳ್ಳಲು ಕೆಲವರು ತೊಗಟೆಯನ್ನೇ ಕಿತ್ತು ಬೆಳಕಿಗೆ ಒಯ್ಯುತ್ತಾರೆ, ದಿಮ್ಮಿಯನ್ನು ಉರುಳಿಸಿ ಹಾಗೆಯೇ ಬಿಟ್ಟು ಹೋಗುತ್ತಾರೆ. ಅಡಿಯಲ್ಲಿದ್ದ ತೇವದ ಮೈ ಮೇಲಾದರೆ ಒಣಗುತ್ತದೆ. ಅಲ್ಲಿದ್ದ ಜೀವಿಗೆ ಗೂಡು ಕಟ್ಟುವ ಅವಕಾಶ ತಪ್ಪಬಹುದು.

ಚಿತ್ರವೊಂದರಿಂದಲೇ ಇವುಗಳ ಜಾತಿಯನ್ನು ಖಚಿತವಾಗಿ ಹೇಳಲು ಎಷ್ಟೋ ಸಲ ಸಾಧ್ಯವಿಲ್ಲ, ಬೀಜಕಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಹಾಗಾಗಿ ಗೂಡಿನ ಚಂದದ ಚಿತ್ರದ ಜೊತೆಗೆ ಇಡೀ ದಿಮ್ಮಿಯ ಒಂದು ಚಿತ್ರ, ಅದು ಯಾವ ಮರ, ಎಷ್ಟು ಕುಂಬಾಗಿದೆ, ಯಾವ ತಾರೀಖು ಎಂಬ ವಿವರ ಇದ್ದರೆ ಮುಂದೆ ಅಧ್ಯಯನ ಮಾಡುವವರಿಗೆ ನೆರವಾಗುತ್ತದೆ. ಹತ್ತಿರದಿಂದ ನೋಡಲೇಬೇಕೆಂಬ ಆಸೆಯುಳ್ಳವರು ಕಾಡಿಗೆ ಕೈ ಹಾಕಬೇಕಿಲ್ಲ. 1933ರಲ್ಲಿ ಗಿಲ್ಬರ್ಟ್ ಮತ್ತು ಮಾರ್ಟಿನ್ ಎಂಬ ಅಮೆರಿಕದ ಸಂಶೋಧಕರು ವಿವರಿಸಿದ ಸರಳ ಕ್ರಮವೊಂದಿದೆ. ನಿಂತ ಮರದ ಒಣ ತೊಗಟೆಯ ಚೂರುಗಳನ್ನು ಒದ್ದೆ ಕಾಗದದ ಮೇಲಿಟ್ಟು ಮುಚ್ಚಿದರೆ, ಕೆಲವು ವಾರಗಳಲ್ಲಿ ಅತಿ ಸಣ್ಣ ಜಾತಿಗಳು ಕಾಣಿಸಿಕೊಳ್ಳುತ್ತವೆ. ಹಿತ್ತಲಿನ ಮಾವಿನ ಮರದ ತೊಗಟೆ ಸಾಕು.

ಹಿತ್ತಲನ್ನು ಹಗುರವಾಗಿ ಕಾಣಬೇಡಿ. ಜಪಾನಿನ ಪ್ರಕೃತಿ ವಿಜ್ಞಾನಿ ಮಿನಾಕಾಟ ಕುಮಾಗುಸು 1917ರಲ್ಲಿ ತಮ್ಮ ಮನೆಯಂಗಳದ ಪರ್ಸಿಮನ್ ಮರದಲ್ಲಿ ಕಂಡ ಲೋಳೆಬೂಷ್ಟು ಹೊಸ ಕುಲವೆಂದು ತಿಳಿದುಬಂದು, ಇಂಗ್ಲೆಂಡಿನ ಲೋಳೆಬೂಷ್ಟು ತಜ್ಞೆ ಗುಲಿಯೆಲ್ಮಾ ಲಿಸ್ಟರ್ 1921ರಲ್ಲಿ ಅದಕ್ಕೆ ಮಿನಾಕಾಟ ಅವರ ಹೆಸರನ್ನೇ ಇಟ್ಟರು. ಈ ಮಿನಾಕಾಟ ನಮಗೆ ಇನ್ನೊಂದು ಕಾರಣಕ್ಕೂ ಬೇಕಾದವರು. ಹಳ್ಳಿಗಳ ಸಣ್ಣ ಶಿಂಟೊ ಗುಡಿಗಳನ್ನು ಒಂದುಗೂಡಿಸಲು ಅಲ್ಲಿನ ಸರ್ಕಾರ 1906ರಲ್ಲಿ ಹೊರಟಾಗ, ಮುಚ್ಚಿದ ಗುಡಿಗಳ ಹಳೆಯ ಬನಗಳಿಗೆ ಕೊಡಲಿ ಬಿತ್ತು. ಮಿನಾಕಾಟ ಊರಿನ ಪತ್ರಿಕೆಯಲ್ಲಿ ಬರೆದು ಅದನ್ನು ವಿರೋಧಿಸಿದರು, 1910ರಲ್ಲಿ ಸೆರೆವಾಸವನ್ನೂ ಅನುಭವಿಸಿದರು. ಅದೇ ವ್ಯಕ್ತಿ 1929ರಲ್ಲಿ ಚಕ್ರವರ್ತಿ ಹಿರೊಹಿಟೊ ಅವರಿಗೆ ಲೋಳೆಬೂಷ್ಟಿನ 110 ಮಾದರಿಗಳನ್ನು ಮಿಠಾಯಿಯ ಪೆಟ್ಟಿಗೆಗಳಲ್ಲಿ ತುಂಬಿ ಅರ್ಪಿಸಿದರು.

ನಮ್ಮಲ್ಲಿಯೂ ದೇವರ ಬನಗಳಿವೆ. ಕೊಡಗೊಂದರಲ್ಲೇ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಬಿದ್ದ ಕಡ್ಡಿಯನ್ನೂ ಹೊರಗೆ ಒಯ್ಯಬಾರದೆಂಬ ಕಟ್ಟು ಅನೇಕ ಬನಗಳಲ್ಲಿ ಹಿಂದಿನಿಂದ ಇದೆ. ಈಗ ನಮ್ಮ ಸುತ್ತಿನ ಕೆಲವೆಡೆ ಉತ್ಸವಕ್ಕೆ ಮುಂಚೆ ಸ್ವಚ್ಛತೆಯ ಹೆಸರಿನಲ್ಲಿ ದರಗನ್ನು ಗುಡಿಸಿ ಬೆಂಕಿ ಹಚ್ಚಲಾಗುತ್ತಿದೆ, ಕುಂಬಾದ ದಿಮ್ಮಿಗಳನ್ನು ಸೌದೆಗೆ ಸಾಗಿಸಲಾಗುತ್ತಿದೆ. ಹಾವಿನ ಭಯ, ಬೇಸಿಗೆಯ ಬೆಂಕಿಯ ಭಯ ಎಂದು ಸಮಿತಿಯವರು ಹೇಳುವುದುಂಟು. ಒಣ ಕುರುಚಲು ಕಾಡಿನಲ್ಲಿ ಬೆಂಕಿಯ ಮಾತು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಲೆನಾಡಿನ ನಿತ್ಯಹಸಿರು ಬನದ ನೆರಳಿನಲ್ಲಿ ನೀರು ಕುಡಿದು ಬಿದ್ದಿರುವ ದಿಮ್ಮಿಗೆ ಆ ವಾದ ಅಷ್ಟಾಗಿ ಹೊಂದುವುದಿಲ್ಲ. ದಾರಿಗೆ ಅಡ್ಡ ಬಿದ್ದುದನ್ನು ಕಡಿದು ಅಲ್ಲೇ ಪಕ್ಕಕ್ಕೆ ಸರಿಸಿದರೆ ಸಾಕು. ಪೂಜೆಯ ಅಂಗಳವನ್ನು ಎಷ್ಟು ಬೇಕಾದರೂ ಗುಡಿಸಿಕೊಳ್ಳಲಿ, ಬನದ ಒಳಗಿನದನ್ನು ಮುಟ್ಟದಿರಲಿ. ಗ್ರಾಮ ಪಂಚಾಯಿತಿಗಳೂ ದೇವಸ್ಥಾನ ಸಮಿತಿಗಳೂ ಬರುವ ಉತ್ಸವದ ಮೊದಲೇ ಇದನ್ನು ತೀರ್ಮಾನಿಸಬೇಕೆಂದು ವಿನಂತಿಸುತ್ತೇನೆ.

ತಮ್ಮಲ್ಲಿ ಒಂದು ಕೋರಿಕೆ. ಇಂಥ ಚಿತ್ರಗಳನ್ನು ಪ್ರಕಟಿಸುವಾಗ ತಾಲ್ಲೂಕು, ತಿಂಗಳು ಮತ್ತು ಆ ಜೀವಿ ಬೆಳೆದಿದ್ದ ಮರದ ಹೆಸರನ್ನು ಕಳುಹಿಸಿದವರಿಂದ ಕೇಳಿ ಪಡೆದು ಅಡಿಬರಹದಲ್ಲಿ ಸೇರಿಸಬೇಕು. ಕಿತ್ತು ತಂದ ತೊಗಟೆಯ ಮೇಲೆ ತೆಗೆದ ಚಿತ್ರವೆಂದು ತಿಳಿದರೆ, ಅದೆಷ್ಟೇ ಚಂದವಿರಲಿ, ದಯವಿಟ್ಟು ಪ್ರಕಟಿಸಬೇಡಿ.

ಇತಿ,
ತಮ್ಮ ಓದುಗರಲ್ಲೊಬ್ಬರು,
ತೀರ್ಥಹಳ್ಳಿ ತಾಲ್ಲೂಕು