ಕತ್ತಲೆ ಕೊಟ್ಟವರಿಗೆ ನಮಸ್ಕಾರ

ಕಳೆದ ಭಾನುವಾರ ನಮ್ಮ ಕನ್ನಡ ಸಂಘದ ಸಭಾಗೃಹದಲ್ಲಿ ನಾನು ತೆಗೆದ ಒಂದು ಛಾಯಾಚಿತ್ರವನ್ನು ಗೋಡೆಗೆ ಏರಿಸಿದರು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿಯನ್ನೂ ಕೈಗಿತ್ತರು. ‘ಎರಡು ಮಾತು ಆಡಿ’ ಎಂದು ಮೈಕ್ ಮುಂದೆ ಹಿಡಿದಾಗ ನನ್ನ ಬಾಯಿಂದ ಹೊರಟದ್ದು, ‘ಎಲ್ಲರಿಗೂ ನಮಸ್ಕಾರ, ಊಟ ಮಾಡಿಕೊಂಡೇ ಹೋಗಬೇಕು’ ಎಂಬುದು ಮಾತ್ರ. ಆಯುಸ್ಸಿನ ಅರ್ಧಕ್ಕಿಂತ ಹೆಚ್ಚು ಭಾಗ ಹೋಟೆಲಿನ ಗಲ್ಲಾದಲ್ಲಿ ಕಳೆದವನ ಬಾಯಿಗೆ ಮೊದಲು ಬರುವುದೇ ಊಟದ ಮಾತು. ಅಂದು ಹೇಳಬೇಕಾಗಿದ್ದ ಉಳಿದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಹೇಳಿರುವುದರಿಂದ ಹೆಸರಿಲ್ಲದೆಯೇ ನೆನೆಯುತ್ತೇನೆ. ಯಾರು ಯಾರೆಂದು ಅವರಿಗೆ ಗೊತ್ತಾಗುತ್ತದೆ.

ಚಿತ್ರದಲ್ಲಿರುವುದು ಮೆಸಿಯೆ 51 ಎಂಬ ಸುರುಳಿ ಗ್ಯಾಲಕ್ಸಿ. ಸಪ್ತರ್ಷಿ ಮಂಡಲದ ಬಾಲದ ತುದಿಯಲ್ಲಿರುವ ಮರೀಚಿ ನಕ್ಷತ್ರದಿಂದ ಸುಮಾರು ಮೂರೂವರೆ ಡಿಗ್ರಿ ಸರಿದರೆ ಅದರ ಜಾಗ. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ತಲುಪಲು ಎರಡು ಕೋಟಿಗೂ ಹೆಚ್ಚು ವರ್ಷ ಬೇಕು. 1773ರಲ್ಲಿ ಚಾರ್ಲ್ಸ್ ಮೆಸಿಯೆ ಕಂಡಾಗ ಅದು ಬರಿಯ ಮಬ್ಬು ಚುಕ್ಕೆ. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ 72 ಇಂಚಿನ ಕನ್ನಡಿಯ ದೂರದರ್ಶಕಕ್ಕೆ ಕಣ್ಣಿಟ್ಟು ಅದರ ಸುರುಳಿಯನ್ನು ಮೊದಲು ಗುರುತಿಸಿ ಕೈಯಾರೆ ಚಿತ್ರ ಬರೆದರು. ನನ್ನದು ಆರು ಇಂಚಿನ ಕನ್ನಡಿ. ಆದರೂ ಅವರು ಬರೆದದ್ದಕ್ಕಿಂತ ಹೆಚ್ಚು ವಿವರ ನನ್ನ ಚಿತ್ರದಲ್ಲಿದೆ. ಇದು ನನ್ನ ಹೆಚ್ಚುಗಾರಿಕೆಯಲ್ಲ. ಕಣ್ಣು ಬೆಳಕನ್ನು ಕೂಡಿಡುವುದಿಲ್ಲ, ಕ್ಯಾಮೆರಾ ಕೂಡಿಡುತ್ತದೆ, ಅಷ್ಟೆ.

ಆ ಕ್ಯಾಮೆರಾದ ಬಗ್ಗೆ ಅಂದು ಬಹಳ ಮಂದಿ ಕೇಳಿದರು. ಅದು ಝಡ್‌ಡಬ್ಲ್ಯುಒ ಕಂಪನಿಯ ಎಎಸ್‌ಐ 533 ಎಂಸಿ ಪ್ರೊ. ಕೈಯಲ್ಲಿ ಹಿಡಿದರೆ ಒಂದು ಕೆಂಪು ಡಬ್ಬಿ. ಗುಂಡಿಯಿಲ್ಲ, ಪರದೆಯಿಲ್ಲ, ಕಣ್ಣಿಡುವ ಕಿಂಡಿಯಿಲ್ಲ, ಕಾರ್ಡ್ ಹಾಕುವ ಜಾಗವೂ ಇಲ್ಲ. ಮುಂದೆ ಗಾಜಿನ ಹಿಂದೆ 11.3 ಮಿಲಿಮೀಟರ್ ಚೌಕದ, ಬೆಳಕು ಹಿಡಿಯುವ ಸೆನ್ಸರ್, ಅದರೊಳಗೆ ಸುಮಾರು 90 ಲಕ್ಷ ಪಿಕ್ಸೆಲ್. ಹಿಂದೆ ಒಂದು ಫ್ಯಾನ್. ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ಮಾತ್ರ ಅದಕ್ಕೆ ಜೀವ. ಫ್ಯಾನ್ ಮತ್ತು 12 ವೋಲ್ಟ್ ಬ್ಯಾಟರಿ ಇರುವುದು ಸೆನ್ಸರನ್ನು ತಣ್ಣಗೆ ಮಾಡುವ ವ್ಯವಸ್ಥೆಗಾಗಿ. ಹೊರಗಿನ ಹವೆಗಿಂತ 35 ಡಿಗ್ರಿಯವರೆಗೆ ಕೆಳಗೆ ಇಳಿಸಬಹುದು. ಸೆನ್ಸರ್ ಬಿಸಿಯಾಗಿದ್ದರೆ ಬೆಳಕೇ ಬೀಳದಿದ್ದರೂ ಅದರಲ್ಲಿ ಸುಳ್ಳು ಸಂಕೇತ ತುಂಬಿಕೊಳ್ಳುತ್ತಾ ಹೋಗುತ್ತದೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ನಾವೆಲ್ಲ ಬೆವರು ಒರೆಸಿಕೊಳ್ಳುತ್ತಿರುವಾಗ ನಮ್ಮ ಡಬ್ಬಿಯೊಳಗೆ ಸೊನ್ನೆಗಿಂತ ಐದು ಡಿಗ್ರಿ ಕೆಳಗೆ!

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬರು, ‘ಅಣ್ಣಾ, ಇಷ್ಟು ಒಳ್ಳೆಯ ಕ್ಯಾಮೆರಾ ಇದ್ದರೆ ಒಂದು ಫಿಲ್ಟರ್ ಹಾಕಿ ಡೊಂಬಿವಲಿಯ ತಾರಸಿಯಿಂದಲೇ ತೆಗೆಯಬಹುದಲ್ಲ, ಕಾಡಿಗೆ ಯಾಕೆ ಹೋಗಬೇಕು?’ ಎಂದರು. ಒಳ್ಳೆಯ ಪ್ರಶ್ನೆ. ಅನಿಲದ ಮೋಡಗಳಾದ ನೆಬ್ಯುಲಾಗಳಿಗೆ ಆ ಉಪಾಯ ನಡೆಯುತ್ತದೆ. ಅವು ಕೆಲವೇ ಕೆಲವು ಬಣ್ಣಗಳಲ್ಲಿ ಹೊಳೆಯುವುದರಿಂದ ಆ ಬಣ್ಣಗಳನ್ನು ಮಾತ್ರ ಬಿಟ್ಟುಕೊಂಡು ಉಳಿದುದನ್ನು ತಡೆಯಬಹುದು. ಗ್ಯಾಲಕ್ಸಿಯ ಬೆಳಕು ಕೋಟ್ಯಂತರ ನಕ್ಷತ್ರಗಳ ಬೆಳಕು. ಅದರಲ್ಲಿ ಎಲ್ಲ ಬಣ್ಣಗಳೂ ಇವೆ. ಬೀದಿಯ ಎಲ್‌ಇಡಿ ದೀಪದಲ್ಲಿಯೂ ಹೆಚ್ಚುಕಡಿಮೆ ಎಲ್ಲ ಬಣ್ಣಗಳಿವೆ. ಒಂದನ್ನು ತಡೆದರೆ ಇನ್ನೊಂದೂ ಹೋಗುತ್ತದೆ. ಡೊಂಬಿವಲಿಯಿಂದ ಗ್ಯಾಲಕ್ಸಿ ಹಿಡಿಯುವುದೆಂದರೆ ಗ್ರೈಂಡರ್ ಓಡುತ್ತಿರುವ ಅಡುಗೆಮನೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಹಾಗಾಗಿ ಫಿಲ್ಟರಿಗೆ ದುಡ್ಡು ಸುರಿಯುವುದಕ್ಕಿಂತ ಟೆಂಪೋಗೆ ಡೀಸೆಲ್ ಹಾಕಿಸುವುದು ಲೇಸು.

ಕೃತಜ್ಞತೆ ಹೇಳುವಾಗ ‘ಬಾಳಿಗೆ ಬೆಳಕಾದಿರಿ’ ಎನ್ನುವುದು ವಾಡಿಕೆ. ನನ್ನ ಸಂಗತಿ ತಿರುಗಾಮುರುಗಾ. ಇವರೆಲ್ಲ ನನಗೆ ಕೊಟ್ಟದ್ದು ಕತ್ತಲೆ. ಮುಂಬಯಿ ಸುತ್ತಮುತ್ತ ಅದು ದುಡ್ಡು ಕೊಟ್ಟರೂ ಸಿಗುವ ಸಾಮಾನಲ್ಲ. ಯಾರಾದರೂ ತಮ್ಮ ಸ್ವಿಚ್ಚಿಗೆ ಕೈಹಾಕಿದರೆ ಮಾತ್ರ ಸಿಗುತ್ತದೆ.

ಮೊದಲ ನಮಸ್ಕಾರ ಮುರಬಾಡದ ಆಚೆ, ಮಾಳಶೇಜ್ ಘಾಟಿನ ದಾರಿಯಲ್ಲಿ ಹೊಲ ಇಟ್ಟುಕೊಂಡಿರುವ ಮರಾಠಿ ದಂಪತಿಗೆ. ಅವರ ಅಂಗಳದಲ್ಲಿ ರಾತ್ರಿಯಿಡೀ ಒಂದು ದೊಡ್ಡ ದೀಪ ಉರಿಯುತ್ತಿತ್ತು. ಸುಮ್ಮನೆ ಅಲ್ಲ, ಆ ಕಡೆ ಚಿರತೆಯ ಭಯವಿದೆ, ಮನೆಯ ಹಿಂದೆ ಆಡಿನ ಕೊಟ್ಟಿಗೆಯಿದೆ. ಆಕಾಶ ನೋಡಲಿಕ್ಕೆಂದು ಆ ದೀಪ ಆರಿಸಿ ಎಂದು ಕೇಳಲು ನನಗೆ ಬಾಯಿಯೇ ಬರಲಿಲ್ಲ. ಕೊನೆಗೆ ಮನೆಯೊಡತಿ ಕಾಕೂ ಅವರೇ ದಾರಿ ಹೇಳಿದರು: ‘ಅಣ್ಣಾ, ನಿಮ್ಮ ಹುಡುಗ ಕೊಟ್ಟಿಗೆಯ ಹತ್ತಿರ ಎಚ್ಚರ ಇರುವುದಾದರೆ ದೀಪದ ಅಗತ್ಯವಿಲ್ಲ.’ ಹುಡುಗನೆಂದರೆ ನಮ್ಮ ಹೋಟೆಲಿನ ಟೆಂಪೋ ಓಡಿಸುವ ಸಿದ್ದಾಪುರದ ಮಾಣಿ. ಮೊಬೈಲಿನ ಪರದೆಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಂಡು, ಕೋಲು ಪಕ್ಕಕ್ಕಿಟ್ಟುಕೊಂಡು, ಯಕ್ಷಗಾನದ ಪದ ಕೇಳುತ್ತಾ ಆತ ಬೆಳಗಿನವರೆಗೆ ಕಾವಲು ಕೂತ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಕೆಂಪು ಬೆಳಕು ಅದನ್ನು ಅಷ್ಟಾಗಿ ಕೆಡಿಸುವುದಿಲ್ಲ ಎಂದು ನಾನು ಒಮ್ಮೆ ಹೇಳಿದ್ದೆ; ಮುಂದಿನ ಸಲ ಆತ ಟೆಂಪೋದ ಒಳದೀಪಕ್ಕೂ ಕೆಂಪು ಕಾಗದ ಅಂಟಿಸಿಕೊಂಡು ಬಂದಿದ್ದ. ಬೆಳಗ್ಗೆ ಅದೇ ಟೆಂಪೋ ಕಲ್ಯಾಣದ ಎಪಿಎಂಸಿ ಮಾರುಕಟ್ಟೆಗೆ ಹೋಗಿ ದೂರದರ್ಶಕದ ಪಕ್ಕದಲ್ಲೇ ಸೋರೆಕಾಯಿ, ಟೊಮೆಟೊ ತುಂಬಿಸಿಕೊಂಡು ಮನೆಗೆ ಬರುತ್ತಿತ್ತು.

ಆ ಊರಿನ ಮಾರುತಿ ದೇವಸ್ಥಾನದ ಹಿರಿಯರನ್ನೂ ಬಿಡುವಂತಿಲ್ಲ. ದೇವಸ್ಥಾನದ ಮುಂದೆ ಹೊಸದಾಗಿ ಹಾಕಿದ ಎಲ್‌ಇಡಿ ದೀಪದ ಬೆಳಕು ಅರ್ಧ ಮೆಟ್ಟಿಲಿಗೆ, ಅರ್ಧ ಆಕಾಶಕ್ಕೆ. ದೇವರ ಮುಂದಿನ ದೀಪವನ್ನು ಆರಿಸುವ ಮಾತೇ ಇಲ್ಲ. ನಮ್ಮ ಹೋಟೆಲಿನ ಹದಿನೈದು ಕಿಲೋದ ಎಣ್ಣೆ ಡಬ್ಬಿಯನ್ನು ಕತ್ತರಿಸಿ, ಮಡಚಿ, ಒಳಗೆ ಕಪ್ಪು ಬಣ್ಣ ಬಳಿದು ಟೋಪಿಯಂತೆ ತೊಡಿಸಿದೆವು. ಆಕಾಶಕ್ಕೆ ಹೋಗುತ್ತಿದ್ದ ಬೆಳಕು ನಿಂತಿತು. ಮೇಲಾಗಿ, ಕಣ್ಣಿಗೆ ಕುಕ್ಕುತ್ತಿದ್ದದ್ದು ತಪ್ಪಿ ಮೆಟ್ಟಿಲು ಸ್ಪಷ್ಟವಾಗಿ ಕಾಣುತ್ತದೆ ಎಂದು ವಯಸ್ಸಾದವರೇ ಸಂತೋಷಪಟ್ಟರು. ಇನ್ನೂ ಎರಡು ಕಂಬಗಳಿಗೆ ಟೋಪಿ ಬೇಕೆಂದು ಅವರಾಗಿಯೇ ಹೇಳಿ ಕಳುಹಿಸಿದರು. ಎಣ್ಣೆ ಡಬ್ಬಿಗೆ ನಮ್ಮಲ್ಲಿ ಬರವಿಲ್ಲ.

ಕಲಿಸಿದವರ ವಿಷಯಕ್ಕೆ ಬಂದರೆ, ಠಾಣೆ ನಗರದ ಕಾಕಾ. ವಾಂಗಣಿಯಲ್ಲಿ ಖಗೋಳ ಮಂಡಳದವರು ರಾತ್ರಿಯಿಡೀ ನಡೆಸುವ ಆಕಾಶವೀಕ್ಷಣೆಗೆ ಮಗಳನ್ನು ಕರೆದುಕೊಂಡು ಹೋಗಿದ್ದಾಗ ಪರಿಚಯವಾದವರು, ರೈಲ್ವೆಯಲ್ಲಿ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರು. ಕ್ಯಾಮೆರಾ ಕೊಂಡ ಉತ್ಸಾಹದಲ್ಲಿ ನಾನು ಗ್ಯಾಲಕ್ಸಿ, ಗ್ಯಾಲಕ್ಸಿ ಎಂದು ಕುಣಿಯುತ್ತಿದ್ದರೆ ಅವರು ಒಂದಿಡೀ ಚಳಿಗಾಲ ನನ್ನನ್ನು ಗ್ಯಾಲಕ್ಸಿಯ ಹತ್ತಿರಕ್ಕೂ ಬಿಡಲಿಲ್ಲ. ಮೊದಲು ಧ್ರುವಕ್ಕೆ ಗುರಿ ಹೂಡುವುದನ್ನು ಕಲಿ ಎಂದರು. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಜಾರುತ್ತದೆ; ಅದಕ್ಕೆ ಸರಿಯಾಗಿ ದೂರದರ್ಶಕ ತಿರುಗಬೇಕಾದರೆ ಅದನ್ನು ಹೊತ್ತು ತಿರುಗಿಸುವ ಮೌಂಟಿನ ಅಕ್ಷ ಆಕಾಶದ ಧ್ರುವವನ್ನೇ ನೋಡಬೇಕು. ಧ್ರುವ ನಕ್ಷತ್ರವನ್ನು ನೋಡಿದರೆ ಸಾಲದು, ಅದು ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿದೆ. ನಮ್ಮ ಈ ಅಕ್ಷಾಂಶದಲ್ಲಿ ಅದು ದಿಗಂತದಿಂದ 19 ಡಿಗ್ರಿಯಷ್ಟೇ ಮೇಲೆ ಇರುವುದರಿಂದ ಉತ್ತರಕ್ಕೆ ಗುಡ್ಡವೋ ತೇಗದ ಮರವೋ ಅಡ್ಡವಿದ್ದರೆ ಮುಗಿಯಿತು. ಆ ಹೊಲವನ್ನು ಆರಿಸಿದ್ದೂ ಇದೇ ಕಾರಣಕ್ಕೆ.

ಅನಂತರ ಡಾರ್ಕ್ ಫ್ರೇಮುಗಳ ಪಾಠ. ಮುಚ್ಚಳ ಹಾಕಿ ಫೋಟೋ ತೆಗೆಯುವುದು! ಆಕಾಶದ ಚಿತ್ರಕ್ಕಿದ್ದ ಅದೇ ಉಷ್ಣತೆ, ಅದೇ ಗೇನ್ ಅಂದರೆ ಸಂಕೇತವನ್ನು ಹಿಗ್ಗಿಸುವ ಮಟ್ಟ, ಅದೇ ಮೂರು ನಿಮಿಷದ ಎಕ್ಸ್‌ಪೋಷರ್. ಬೆಳಕಿಲ್ಲದಾಗ ಸೆನ್ಸರ್ ಏನು ಬರೆಯುತ್ತದೆಂದು ದಾಖಲಿಸಿಕೊಂಡು ಆಮೇಲೆ ಆಕಾಶದ ಚಿತ್ರದಿಂದ ಅದನ್ನು ಕಳೆಯುವುದು. ತಂಪು ಮಾಡುವ ಕ್ಯಾಮೆರಾದ ದೊಡ್ಡ ಉಪಕಾರವಿದು: ಉಷ್ಣತೆಯನ್ನು ನಾವೇ ನಿಗದಿಮಾಡುವುದರಿಂದ ಈ ಕೆಲಸವನ್ನು ಮನೆಯಲ್ಲೇ ಮಾಡಿಟ್ಟುಕೊಳ್ಳಬಹುದು. ನಮ್ಮ ಹೋಟೆಲಿನ ದಾಸ್ತಾನು ಕೋಣೆಯಲ್ಲಿ ಅಕ್ಕಿ ಮೂಟೆಯ ಮೇಲೆ ಕ್ಯಾಮೆರಾ ಇಟ್ಟು, ದೀಪ ಆರಿಸಿ, ಬಾಗಿಲು ಹಾಕಿದೆ. ಉದ್ದಿನಬೇಳೆ ತರಲು ಹೋದ ಅಡುಗೆ ಭಟ್ಟರು ಕತ್ತಲೆಯಲ್ಲಿ ಫ್ಯಾನ್ ಸದ್ದು ಕೇಳಿ ಹಿಂದಿರುಗಿ ಬಂದು, ‘ಒಳಗೆ ಏನೋ ಉಸಿರಾಡುತ್ತಿದೆ’ ಎಂದರು. ಅಂದಿನಿಂದ ಆ ಬಾಗಿಲಿಗೆ ‘ಫೋಟೋ ನಡೆಯುತ್ತಿದೆ’ ಎಂಬ ಚೀಟಿ. ಇನ್ನು ಕನ್ನಡಿ, ಗಾಜುಗಳ ಮೇಲಿನ ಧೂಳಿನ ನೆರಳು ತೆಗೆಯಲು ಬೇಕಾದ ಫ್ಲಾಟ್ ಫ್ರೇಮಿಗೆ ಬೆಳಗಿನ ಬೆಳಕಿನಲ್ಲಿ ದೂರದರ್ಶಕದ ಬಾಯಿಗೆ ಬಿಳಿ ಬಟ್ಟೆ ಬಿಗಿಯಬೇಕು. ಭಟ್ಟರ ಒಗೆದ ಪಂಚೆಯೇ ಅದಕ್ಕೆ ಒದಗಿತು. ಅವರಿಗೂ ನಮಸ್ಕಾರ, ಪಂಚೆ ಹಿಂದಿರುಗಿಸಿದ್ದೇನೆ.

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲೇತ್ ನಡೆಸುವ ಬೆಳಗಾವಿಯ ತಮ್ಮನದು ಬೇರೆಯೇ ಬಗೆಯ ಋಣ. ನನ್ನ ದೂರದರ್ಶಕದಲ್ಲಿ ಚಿತ್ರದ ಮೂಲೆಗಳ ನಕ್ಷತ್ರಗಳಿಗೆ ಬಾಲ ಬರುತ್ತದೆ. ಅದನ್ನು ಸರಿಪಡಿಸುವ ಮಸೂರದಿಂದ ಸೆನ್ಸರ್ ಸರಿಯಾಗಿ 55 ಮಿಲಿಮೀಟರ್ ದೂರದಲ್ಲಿರಬೇಕು. ಕ್ಯಾಮೆರಾದ ಒಳಗೇ 17.5 ಮಿಲಿಮೀಟರ್ ಹೋಗುತ್ತದೆ. ಉಳಿದ 37.5 ಮಿಲಿಮೀಟರಿಗೆ ಒಂದು ಅಲ್ಯೂಮಿನಿಯಂ ಬಳೆ ಬೇಕಿತ್ತು, ಎರಡೂ ಕಡೆ ನುಣ್ಣನೆಯ ತಿರುಪಿನ ಮರೆ. ಆತ ವರ್ನಿಯರ್ ಹಿಡಿದು ಅಳೆದ, ಕಡೆದ, ಮತ್ತೆ ಅಳೆದ, ತಲೆಯಾಡಿಸಿ ಪಕ್ಕಕ್ಕೆಸೆದು ಹೊಸ ತುಂಡು ಹಾಕಿದ. ‘ಇರಲಿ ಬಿಡಪ್ಪಾ, ಕೂದಲೆಳೆಯಷ್ಟು ವ್ಯತ್ಯಾಸ’ ಎಂದರೆ, ‘ನಿಮಗೆ ಇರಬಹುದ್ರೀ, ನನಗೆ ಇರಬಾರದು’ ಎಂದ. ದುಡ್ಡು ಮುಟ್ಟಲಿಲ್ಲ. ಚಿತ್ರದ ಒಂದು ಪ್ರತಿ ಸಾಕು, ಮೂಲೆಗಳನ್ನು ನಾನೇ ಪರೀಕ್ಷಿಸುತ್ತೇನೆ ಎಂದ. ಪರೀಕ್ಷಿಸಿದ್ದಾನೆ. ಮೂರು ಮೂಲೆ ಪಾಸು.

ಒಂದೇ ಗ್ಯಾಲಕ್ಸಿಯ ಹಲವು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಒಂದಾಗಿಸುವ ಸಿರಿಲ್, ನಕ್ಷತ್ರದ ಮೇಲೆ ಗುರಿ ತಪ್ಪದಂತೆ ನೋಡಿಕೊಳ್ಳುವ ಪಿಎಚ್‌ಡಿ2, ಇವೆರಡೂ ಬಿಟ್ಟಿ ಸಿಗುವ ತಂತ್ರಾಂಶಗಳು. ಎಲ್ಲೋ ಕೂತು ಇವನ್ನು ಬರೆದು ಲೋಕಕ್ಕೆ ಕೊಟ್ಟವರ ಮುಖ ನಾನು ನೋಡಿಲ್ಲ. ಒಂದೊಂದು ಚಿತ್ರವನ್ನೂ ಬಿಡಿಯಾಗಿ ನೋಡಿದರೆ ಕಾಳುಕಾಳಾದ ಕಲಮಲ, ಎಲ್ಲರೂ ನಾಯ್ಸ್ ಎನ್ನುವುದು. ಚಿತ್ರಗಳ ಸಂಖ್ಯೆ ನಾಲ್ಕು ಪಟ್ಟಾದರೆ ಅದು ಅರ್ಧಕ್ಕೆ ಇಳಿಯುತ್ತದೆ; ಅದನ್ನೂ ಅರ್ಧಕ್ಕೆ ಇಳಿಸಲು ಮತ್ತೆ ನಾಲ್ಕು ಪಟ್ಟು ಬೇಕು. ಈ ಲೆಕ್ಕದಿಂದಾಗಿ ನಾನು ಎಷ್ಟೋ ಶನಿವಾರ ಗಲ್ಲಾ ಬಿಟ್ಟು ಹೋದೆ, ಭಾವ ಅಲ್ಲಿ ಕೂತರು. ದೂರದರ್ಶಕದ ಮೇಲೆ ಕೂರುವ ಇಬ್ಬನಿ ಆರಿಸಲು ಹೆಂಡತಿ ತನ್ನ ಕೂದಲು ಒಣಗಿಸುವ ಯಂತ್ರ ಕೊಟ್ಟಳು, ಅದು ಇನ್ನೂ ಟೆಂಪೋದಲ್ಲೇ ಇದೆ. ಪುಣೆಯಲ್ಲಿ ಓದುತ್ತಿರುವ ಮಗಳದು ಬಣ್ಣದ ಕೆಲಸದಲ್ಲಿ ಬಿಗಿ ಕೈ. ‘ಅಪ್ಪಾ, ಇಷ್ಟು ನೀಲಿ ಬೇಡ, ಇದು ಮದುವೆ ಮಂಟಪವಲ್ಲ’ ಎಂದು ತಡೆದಳು. ತೋಳುಗಳಲ್ಲಿ ಎಳೆಯ ನಕ್ಷತ್ರಗಳ ತಿಳಿನೀಲಿ, ನಡುನಡುವೆ ಹೊಸ ನಕ್ಷತ್ರ ಹುಟ್ಟುತ್ತಿರುವ ಜಲಜನಕದ ನಸುಗೆಂಪು ಗಂಟುಗಳು, ತುದಿಯಲ್ಲಿ ತೂಗುತ್ತಿರುವ ಜೊತೆಗಾರ ಗ್ಯಾಲಕ್ಸಿಯ ಮಾಗಿದ ಹಳದಿ. ಅದಕ್ಕಿಂತ ಹೆಚ್ಚು ಬಳಿದ ಚಿತ್ರಗಳನ್ನು ಕಂಡರೆ ಈಗ ನನಗೂ ಕಣ್ಣು ಉರಿಯುತ್ತದೆ.

ಕೊನೆಯದಾಗಿ ಮಾಸ್ತರರು. ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲಿನಲ್ಲಿ ಹಗಲು ಗ್ಲಾಸು ತೊಳೆದು ಸಂಜೆ ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದ ನಮ್ಮಂಥವರಿಗೆ ವಿಜ್ಞಾನ ಕಲಿಸಿದವರು. ತೂಕಡಿಸುವವರನ್ನು ಬಡಿದೆಬ್ಬಿಸುವ ಬದಲು ತಾರಸಿಗೆ ಕರೆದುಕೊಂಡು ಹೋಗಿ ಸಪ್ತರ್ಷಿಗಳ ಹೆಸರು ಹೇಳಿಸುತ್ತಿದ್ದರು. ಕ್ರತು, ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ, ಮರೀಚಿ. ಆಗ ಫೋರ್ಟಿನ ತಾರಸಿಯಿಂದಲೂ ಏಳೂ ಕಾಣುತ್ತಿದ್ದವು. ಈಗ ಅವರು ದಹಿಸರದಲ್ಲಿದ್ದಾರೆ, ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ. ಚಿತ್ರ ಒಯ್ದು ಕೈಗಿತ್ತಾಗ ಭೂತಗನ್ನಡಿ ತರಿಸಿ, ಕಿಟಕಿಯ ಬಳಿ ಸರಿದು, ಚಹಾ ಆರುವವರೆಗೂ ನೋಡಿದರು. ಹೊಗಳುತ್ತಾರೆಂದು ನಾನು ಕಾದಿದ್ದರೆ, ‘ಮಾಣಿ, ಇದರಲ್ಲಿ ಉತ್ತರ ದಿಕ್ಕು ಯಾವ ಕಡೆ? ಬಾಣ ಹಾಕಿಲ್ಲವಲ್ಲ’ ಎಂದರು. ಹೇಳಿದೆ. ‘ಇದರಲ್ಲಿ ನಕ್ಷತ್ರ ಸಿಡಿದದ್ದು ಉಂಟೋ?’ ಎಂಬುದು ಮುಂದಿನ ಪ್ರಶ್ನೆ. ಉಂಟು, 1994ರಲ್ಲಿ, 2005ರಲ್ಲಿ, 2011ರಲ್ಲಿ. 2011ರದನ್ನು ಕಂಡುಹಿಡಿದವರಲ್ಲಿ ಹವ್ಯಾಸಿಗಳೂ ಇದ್ದರು ಎಂದೆ. ‘ಹಾಗಾದರೆ ಪ್ರತಿ ವರ್ಷ ತೆಗೆ, ಹಳೆಯದರ ಪಕ್ಕದಲ್ಲಿಟ್ಟು ನೋಡು’ ಎಂದು ಮನೆಪಾಠ ಕೊಟ್ಟು ಕಳುಹಿಸಿದರು. ಸಭಾಗೃಹದ ಪ್ರತಿಯಲ್ಲಿ ಬಾಣದ ಗುರುತು ಇದೆ, ನೋಡಿ.

ಮಳೆಗಾಲ ಮುಗಿಯುವವರೆಗೆ ಸಾಮಾನೆಲ್ಲ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಪೆಟ್ಟಿಗೆಯಲ್ಲಿ. ದೀಪಾವಳಿ ಕಳೆದ ಮೇಲೆ ಅಮಾವಾಸ್ಯೆಯ ಆಸುಪಾಸಿನ ಶನಿವಾರಗಳಲ್ಲಿ ಹೊರಡುತ್ತೇವೆ. ಬರುವವರು ಗಲ್ಲಾದಲ್ಲಿ ಹೇಳಿಟ್ಟರೆ ಸಾಕು. ಸ್ವೆಟರ್ ಇರಲಿ, ಟಾರ್ಚ್ ಬೇಡ. ಈ ಸಲ ಆಂಡ್ರೊಮಿಡಾ ಎಂದುಕೊಂಡಿದ್ದೇನೆ. ಅದರ ಉದ್ದ ಆಕಾಶದಲ್ಲಿ ಮೂರು ಡಿಗ್ರಿ, ನನ್ನ ಸೆನ್ಸರಿಗೆ ಈ ದೂರದರ್ಶಕದಲ್ಲಿ ಕಾಣುವ ಚೌಕ ಒಂದು ಡಿಗ್ರಿಗೂ ಕಡಿಮೆ. ತುಂಡು ತುಂಡಾಗಿ ತೆಗೆದು ಹೊಲಿಯಬೇಕು, ಇಲ್ಲವೇ ಹಳೆಯ ಕ್ಯಾಮೆರಾ ಲೆನ್ಸ್ ಒಂದನ್ನು ಇದಕ್ಕೆ ಜೋಡಿಸಬೇಕು. ಬೆಳಗಾವಿಯ ತಮ್ಮ ಲೆನ್ಸ್ ತಂದು ತೋರಿಸಿ ಎಂದಿದ್ದಾನೆ. ನಾಲ್ಕನೆಯ ಮೂಲೆಯ ಲೆಕ್ಕ ಅವನ ತಲೆಯಿಂದ ಇನ್ನೂ ಹೋಗಿಲ್ಲ.